ಹೋಳಾದ ಕರು, ಮುರಿದ ಮಾತು: ಯೆರೆಮೀಯ 34ರ ಒಡಂಬಡಿಕೆ

ಹಳೆಯ ಒಡಂಬಡಿಕೆಯ ಸಾಮೂಹಿಕ ಪ್ರತಿಜ್ಞಾವಿಧಿಗಳಲ್ಲಿ ಸೀನಾಯಿ ಹಾಗೂ ಶೆಕೆಮ್‌ಗಳಲ್ಲಿ ನಡೆದವು ನಮಗೆ ಚಿರಪರಿಚಿತ. ಕ್ರಿ.ಪೂ. 588ರ ಸುಮಾರಿಗೆ, ಬಾಬಿಲೋನಿಯದ ಸೈನ್ಯ ಜೆರುಸಲೇಮನ್ನು ಮುತ್ತಿದ್ದಾಗ ನಡೆದ ಇನ್ನೊಂದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಯೆರೆಮೀಯನ ಗ್ರಂಥದ 34ನೆಯ ಅಧ್ಯಾಯ ಅದನ್ನು ದಾಖಲಿಸಿದೆ.

ಅರಸ ಚಿದ್ಕೀಯನು ನಗರದ ಜನರೊಡನೆ ಒಡಂಬಡಿಕೆ ಮಾಡಿಕೊಂಡು ಹಿಬ್ರಿಯ ದಾಸದಾಸಿಯರಿಗೆ ಬಿಡುಗಡೆ ಸಾರಿಸಿದನು. ಆರು ವರ್ಷ ದುಡಿದ ದಾಸನನ್ನು ಏಳನೆಯ ವರ್ಷದಲ್ಲಿ ಬಿಟ್ಟುಬಿಡಬೇಕೆಂಬ ವಿಧಿ ಧರ್ಮಶಾಸ್ತ್ರದಲ್ಲಿ ಮೊದಲೇ ಇತ್ತು. ಪೂರ್ವಜರು ಅದಕ್ಕೆ ಕಿವಿಗೊಟ್ಟಿರಲಿಲ್ಲ. ಈಗ ದೇವಾಲಯದಲ್ಲಿಯೇ ಪ್ರತಿಜ್ಞೆಯಾಯಿತು. ಕರುವೊಂದನ್ನು ಎರಡು ಹೋಳು ಮಾಡಿ, ಅಧಿಕಾರಿಗಳು, ಕಂಚುಕಿಗಳು, ಯಾಜಕರು ಮತ್ತು ನಾಡಿನ ಜನರು ಅವುಗಳ ನಡುವೆ ಹಾದುಹೋದರು. ಹಿಬ್ರೂ ನುಡಿಯಲ್ಲಿ ಒಡಂಬಡಿಕೆಯನ್ನು 'ಮಾಡುವುದಿಲ್ಲ', 'ಕಡಿಯುತ್ತಾರೆ'. ಸಿರಿಯದ ಸೆಫೀರೆಯಲ್ಲಿ ದೊರೆತ ಕ್ರಿ.ಪೂ. 8ನೆಯ ಶತಮಾನದ ಅರಮಾಯಿಕ್ ಶಾಸನವು ಇಂತಹ ವಿಧಿಯ ಅರ್ಥವನ್ನು ತಿಳಿಸುತ್ತದೆ: ಒಪ್ಪಂದಕ್ಕೆ ತಪ್ಪಿದವನಿಗೆ ಆ ಕರುವಿನ ಗತಿಯೇ ಬರಲಿ. ಹೋಳುಗಳ ನಡುವೆ ನಡೆದವರು ತಮ್ಮ ಮೇಲೆ ತಾವೇ ಶಾಪವನ್ನು ಹೊತ್ತುಕೊಂಡಿದ್ದರು.

ಅಷ್ಟರಲ್ಲಿ ಈಜಿಪ್ಟಿನ ಸೈನ್ಯ ಹೊರಟ ಸುದ್ದಿ ಬಂದು, ಬಾಬಿಲೋನಿಯರು ಮುತ್ತಿಗೆಯನ್ನು ಸಡಿಲಿಸಿದರು. ಅಪಾಯ ದೂರವಾಯಿತೆಂದು ತೋರುತ್ತಲೇ ಒಡೆಯರು ಬಿಟ್ಟವರನ್ನು ಮತ್ತೆ ಹಿಡಿದು ದಾಸರನ್ನಾಗಿಸಿಕೊಂಡರು. ಪ್ರವಾದಿಯ ಪದಪ್ರಯೋಗ ಇಲ್ಲಿ ಗಮನಾರ್ಹ. 'ಶೂಬ್' ಎಂದರೆ ತಿರುಗುವುದು, ಮರಳುವುದು. ಜನರು ಮನತಿರುಗಿ ಒಳಿತನ್ನು ಮಾಡಿದ್ದಕ್ಕೂ, ಮಾತಿನಿಂದ ಹಿಂತಿರುಗಿದ್ದಕ್ಕೂ, ದಾಸರನ್ನು ಮರಳಿ ಎಳೆತಂದದ್ದಕ್ಕೂ, ಕೊನೆಗೆ ಸರ್ವೇಶ್ವರ ಶತ್ರುಸೈನ್ಯವನ್ನು ಮರಳಿ ಕರೆತರುವುದಕ್ಕೂ ಅದೇ ಕ್ರಿಯಾಪದ. 'ದೆರೋರ್', ಅಂದರೆ ಬಿಡುಗಡೆ, ಎಂಬ ಪದಕ್ಕೂ ಇದೇ ಗತಿ: ದಾಸರಿಗೆ ಅದನ್ನು ನಿರಾಕರಿಸಿದವರಿಗೆ ಖಡ್ಗ, ವ್ಯಾಧಿ, ಕ್ಷಾಮಗಳ ಬಾಯಿಗೆ 'ಬಿಡುಗಡೆ' ಸಾರಲಾಯಿತು.

ಪ್ರವಾದಿಯು ವಿಧಿಯ ಆಚರಣೆಯಲ್ಲಿ ಯಾವ ಲೋಪವನ್ನೂ ಎತ್ತಿತೋರಿಸುವುದಿಲ್ಲ. ದೇವರ ನಾಮಕ್ಕೆ ಕಳಂಕ ತಗುಲಿದ್ದು ದೇವಾಲಯದೊಳಗಲ್ಲ, ದಾಸರು ಹಿಂದಿರುಗಿದ ಮನೆಗಳಲ್ಲಿ. ಹಾದುಹೋದವರ ಪಟ್ಟಿಯಲ್ಲಿ ಯಾಜಕರೂ ಇದ್ದಾರೆಂಬುದನ್ನು ಯಾಜಕರಾದ ನಾವು ಮರೆಯಲಾಗದು.

ಗ್ರೀಕ್ ಸಪ್ತತಿ ಭಾಷಾಂತರವು ಇಲ್ಲಿನ 'ದೆರೋರ್' ಪದವನ್ನು 'ಆಫೆಸಿಸ್' ಎಂದು ಅನುವಾದಿಸಿದೆ. ಕಡೆಯ ಭೋಜನದಲ್ಲಿ ಪ್ರಭು ಒಡಂಬಡಿಕೆಯ ರಕ್ತದ ಕುರಿತು ನುಡಿದಾಗ ಪಾಪಕ್ಷಮೆಗಾಗಿ ಮತ್ತಾಯನು ಬಳಸುವುದೂ ಅದೇ ಪದ. ಪಾನಪಾತ್ರೆಯನ್ನು ಎತ್ತಿಹಿಡಿಯುವಾಗ ನಾವು ಬೇಡುವ ಕ್ಷಮೆ, ಅಂದು ಆ ದಾಸರಿಂದ ಕಸಿದುಕೊಂಡ ಬಿಡುಗಡೆಯ ಹೆಸರನ್ನೇ ಹೊತ್ತಿದೆ. ನಮ್ಮ ಕೈಯಲ್ಲಿರುವ ಬಿಡುಗಡೆಯನ್ನು ಮತ್ತೊಬ್ಬರಿಗೆ ತಡೆಹಿಡಿದು ಆ ಕ್ಷಮೆಯನ್ನು ನಾವು ಬೇಡಲಾರೆವು.