ಗದ್ದಿಗೆ ಹೋಯ್ತು, ಕುರ್ಚಿ ಬರಲಿಲ್ಲ: ಸೂಪರ್‌ಮಾರ್ಕೆಟ್ ಕೆಲಸದ ಚರಿತ್ರೆ

ಇವತ್ತು ರಾಜರಿಲ್ಲ, ಯುದ್ಧ ಇಲ್ಲ. ಒಂದು ಕುರ್ಚಿಯ ಚರಿತ್ರೆ ಹೇಳ್ತೀನಿ.

2010ರಲ್ಲಿ ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ದೊಡ್ಡದೊಂದು ಸೂಪರ್‌ಮಾರ್ಕೆಟ್ ಚೈನ್‌ಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುವ ಪ್ರಾಜೆಕ್ಟು. ನನ್ನ ಪಾಲಿಗೆ ಬಂದದ್ದು ವಿಶಾಖಪಟ್ಟಣ ಮತ್ತು ವಿಜಯವಾಡ. ಮೊದಲು ವೈಜಾಗ್‌ಗೆ ಹೋದೆ. ತಿಂಗಳ ಮೊದಲ ವಾರ. ಉಕ್ಕಿನ ಕಾರ್ಖಾನೆ, ಬಂದರು, ನೌಕಾಪಡೆ, ಎಲ್ಲ ಕಡೆ ಸಂಬಳ ಆಗಿತ್ತು. ಅಕ್ಕಿ ಮೂಟೆ, ಎಣ್ಣೆ ಕ್ಯಾನು ತುಂಬಿದ ಟ್ರಾಲಿಗಳ ಸಾಲು ಕೌಂಟರಿನಿಂದ ತರಕಾರಿ ವಿಭಾಗದವರೆಗೂ ಇತ್ತು.

ಕೌಂಟರಿನ ಹುಡುಗಿ ಗಾಜುವಾಕದಿಂದ ಬಸ್ಸಲ್ಲಿ ಬರೋಳು. ಊಟದ ಬಿಡುವು ಬಿಟ್ಟರೆ ಇಡೀ ಶಿಫ್ಟ್ ನಿಂತೇ ಇರಬೇಕು. ರಾತ್ರಿ ಕ್ಯಾಷ್ ಎಣಿಸುವಾಗ ಕಮ್ಮಿ ಬಂದರೆ ಅವಳ ಸಂಬಳದಲ್ಲೇ ಕಟ್. ನಮ್ಮ ಹೊಸ ಸಾಫ್ಟ್‌ವೇರ್ ನಿಮಿಷಕ್ಕೆ ಎಷ್ಟು ಐಟಂ ಸ್ಕ್ಯಾನ್ ಆಯ್ತು, ಎರಡು ಬಿಲ್ಲಿನ ನಡುವೆ ಎಷ್ಟು ಸೆಕೆಂಡ್ ಹೋಯ್ತು ಅಂತ ಲೆಕ್ಕ ಇಡುತ್ತಿತ್ತು. ಆ ರಿಪೋರ್ಟ್ ಬರೆದವನು ನಾನೇ. ಆ ಸೆಕೆಂಡುಗಳ ಕಾಲಮ್ಮಿಗೆ ‘ಐಡಲ್’ ಅಂತ ಹೆಸರಿಟ್ಟವನೂ ನಾನೇ.

ಅವಳು ಪರದೆ ನೋಡಿ ಕೇಳಿದಳು, “ಇದೇಂಟಿ ಸಾರ್?” ನಾನು ವಿವರಿಸಿದೆ. “ಆ ಹೊತ್ತಲ್ಲಿ ನಾನು ಸಾಮಾನು ಕವರಿಗೆ ಹಾಕ್ತೀನಿ, ಚಿಲ್ಲರೆ ಹುಡುಕ್ತೀನಿ” ಅಂದಳು. ಆಮೇಲೆ ಮೆಲ್ಲಗೆ, “ನಿಲಬಡಿ ನಿಲಬಡಿ ಕಾಳ್ಳು ಲಾಗುತುನ್ನಾಯಿ ಸಾರ್.” ನಿಂತೂ ನಿಂತೂ ಕಾಲು ಸೆಳೆಯುತ್ತೆ ಅಂತ. ಒಂದು ಸ್ಟೂಲ್ ಹಾಕಿಸೋಕೆ ಆಗುತ್ತಾ ಅಂತ ಕೇಳಿದಳು.

ಇಲ್ಲಿಂದ ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮೂರ ಕಿರಾಣಿ ಅಂಗಡಿ ನೆನಪಿಸಿಕೊಳ್ಳಿ. ಶೆಟ್ಟರು ಗದ್ದಿಗೆ ಮೇಲೆ ಕೂತಿರ್ತಿದ್ರು, ನಾವು ಚೀಟಿ ಹಿಡಿದು ನಿಂತಿರ್ತಿದ್ವಿ. ಸಾಮಾನು ಕಟ್ಟಿಕೊಡುವ ಹುಡುಗನೂ ನಿಂತೇ ಇರ್ತಿದ್ದ, ಆದರೆ ಗಿರಾಕಿ ಇಲ್ಲದಾಗ ಮೂಟೆ ಮೇಲೆ ಕೂರೋಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ‘ಪಿಗ್ಲಿ ವಿಗ್ಲಿ’ ಅಂಗಡಿ ತೆರೆದ. ಗಿರಾಕಿಯೇ ಒಳಗೆ ಹೋಗಿ ಬೇಕಾದ್ದು ತಗೊಂಡು ಬರಬೇಕು. ಅಂದರೆ ಅಂಗಡಿ ಹುಡುಗನ ಅರ್ಧ ಕೆಲಸ ಗಿರಾಕಿಗೆ ಹೋಯ್ತು. ಉಳಿದ ಕೆಲಸ ಎರಡು ಭಾಗ ಆಯ್ತು: ಶೆಲ್ಫ್ ತುಂಬೋದು, ದುಡ್ಡು ತಗೊಳ್ಳೋದು. 1974ರ ಜೂನ್ 26ರಂದು ಒಹಾಯೊದ ಟ್ರಾಯ್ ಊರಲ್ಲಿ ಒಂದು ಚೂಯಿಂಗ್ ಗಮ್ ಪ್ಯಾಕೆಟ್ಟಿನ ಬಾರ್‌ಕೋಡ್ ಸ್ಕ್ಯಾನ್ ಆಯ್ತು. ಅಲ್ಲಿಗೆ ಬೆಲೆ ನೆನಪಿಟ್ಟುಕೊಳ್ಳುವ ಜಾಣತನವೂ ಯಂತ್ರದ ಪಾಲಾಯ್ತು. ಕೈಯ ವೇಗ ಅಳೆಯೋದು ಸುಲಭ ಆಯ್ತು.

ನಮ್ಮ ದೇಶದಲ್ಲಿ ಈ ತರಹದ ಅಂಗಡಿಗೆ ಮೊದಲು ಒತ್ತು ಕೊಟ್ಟದ್ದು ಸಹಕಾರಿ ವಲಯ. 1966ರ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯ ಆಯ್ತು, ಬೆಲೆ ಏರಿತು, ಜುಲೈನಲ್ಲಿ ದೆಹಲಿಯ ಸೂಪರ್ ಬಜಾರ್ ಶುರುವಾಯ್ತು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಜನತಾ ಬಜಾರ್ ನಮ್ಮ ತಂದೆ ತಾಯಿಗೆ ಗೊತ್ತು. ವೈಜಾಗ್, ವಿಜಯವಾಡದಲ್ಲೂ ಸಹಕಾರಿ ಸೂಪರ್ ಬಜಾರ್‌ಗಳಿದ್ದವು.

ಖಾಸಗಿ ಅಲೆ ಬಂದಾಗ ನಮ್ಮ ಬೆಂಗಳೂರಿಗೂ ಆಂಧ್ರಕ್ಕೂ ಗಂಟು ಬಿತ್ತು. 1999ರಲ್ಲಿ ಬೆಂಗಳೂರಲ್ಲಿ ಹುಟ್ಟಿದ ಫ್ಯಾಬ್‌ಮಾಲ್, ಹೈದರಾಬಾದಿನ ತ್ರಿನೇತ್ರ ಎರಡೂ ಒಂದಾಗಿ, ಆದಿತ್ಯ ಬಿರ್ಲಾ ಗುಂಪಿನ ಕೈಗೆ ಹೋಗಿ ‘ಮೋರ್’ ಆದವು. ಫ್ಯಾಬ್‌ಮಾಲ್ ಕಟ್ಟಿದವರೇ 2011ರಲ್ಲಿ ಬಿಗ್‌ಬಾಸ್ಕೆಟ್ ಶುರುಮಾಡಿದ್ದು. ಇನ್ನು ರಿಲಯನ್ಸ್ ಫ್ರೆಷ್ 2006ರಲ್ಲಿ ಮೊದಲು ಬಾಗಿಲು ತೆಗೆದದ್ದು ಹೈದರಾಬಾದಲ್ಲಿ. ಮಾಲೀಕರ ಚರಿತ್ರೆ ಹೀಗೆ ಹೆಸರು ಹಿಡಿದು ಸಿಗುತ್ತೆ. ಕೌಂಟರಿನವರ ಚರಿತ್ರೆ ಕಾನೂನಿನ ಪುಸ್ತಕದಲ್ಲಿ ಹುಡುಕಬೇಕು.

ಇಂಗ್ಲೆಂಡಲ್ಲಿ 1899ರಲ್ಲೇ ಇದಕ್ಕೆ ಕಾನೂನು ಬಂತು: ಅಂಗಡಿಯಲ್ಲಿ ಮೂವರು ಹೆಣ್ಣುಮಕ್ಕಳಿಗೆ ಕನಿಷ್ಠ ಒಂದು ಕುರ್ಚಿ. ಕೇರಳದಲ್ಲಿ ಕೋಳಿಕ್ಕೋಡ್‌ನ ಮಿಠಾಯಿ ಬೀದಿಯ ಅಂಗಡಿ ಹೆಣ್ಣುಮಕ್ಕಳು ‘ಪೆಣ್‌ಕೂಟ್ಟ್’ ಅನ್ನೋ ಸಂಘ ಕಟ್ಟಿ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೂರುವ ಹಕ್ಕು ಕಾನೂನಾಯ್ತು. 2021ರಲ್ಲಿ ತಮಿಳುನಾಡೂ ಮಾಡಿತು. ಆಂಧ್ರದ 1988ರ ಅಂಗಡಿ ಕಾಯ್ದೆ ನಾನು ಹೋದಾಗ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿತ್ತು. ಆದರೆ ಗಂಟೆ ಎಣಿಸೋದು ಬೇರೆ, ಆ ಗಂಟೆಗಳನ್ನು ನಿಂತು ಕಳೆಯೋದು ಬೇರೆ.

ವಿಜಯವಾಡಕ್ಕೆ ಹೋದದ್ದು ದಸರಾ ಹೊತ್ತಿಗೆ. ಇಂದ್ರಕೀಲಾದ್ರಿಯ ಕನಕದುರ್ಗಮ್ಮನ ದರ್ಶನಕ್ಕೆ ಬಂದ ಜನ ಊರು ತುಂಬ. ಬೆಂಜ್ ಸರ್ಕಲ್ ಹತ್ತಿರದ ನಮ್ಮ ಅಂಗಡಿಯಲ್ಲೂ ಅದೇ ನೋಟ. ಒಂದು ಟೀ ಪುಡಿ ಕಂಪನಿಯ ಟೀ ಶರ್ಟ್ ಹಾಕಿದ ಹುಡುಗಿ ಶೆಲ್ಫ್ ಪಕ್ಕ ನಿಂತಿದ್ದಳು. ಅವಳು ಅಂಗಡಿಯವಳಲ್ಲ, ಆ ಕಂಪನಿ ಏಜೆನ್ಸಿಯ ಮೂಲಕ ಕಳಿಸಿದವಳು. ಗೋಡೌನಿನ ಹುಡುಗರು ಗುತ್ತಿಗೆದಾರನ ಕಡೆಯವರು. ಒಂದೇ ಸೂರಿನಡಿ ಮೂರು ಧಣಿ. ಕುರ್ಚಿ ಕೇಳಬೇಕಾದ್ದು ಯಾರನ್ನ?

ನನ್ನ ಭೇಟಿಯ ವರದಿಯಲ್ಲಿ ‘ಕೌಂಟರಿಗೆ ಸ್ಟೂಲ್ ಬೇಕು’ ಅಂತ ಒಂದು ಸಾಲು ಬರೆದೆ. ಇದು ಸಾಫ್ಟ್‌ವೇರ್ ವಿಷಯ ಅಲ್ಲ ಅಂತ ಅದನ್ನು ತೆಗೆದರು. ನಾನೂ ವಾದ ಮಾಡಲಿಲ್ಲ. ‘ಐಡಲ್’ ಕಾಲಮ್ ಮಾತ್ರ ಎಲ್ಲ ಅಂಗಡಿಗಳಿಗೂ ಹೋಯ್ತು. ಅದನ್ನು ನೋಡಿ ಯಾರ‍್ಯಾರಿಗೆ ಬೈಗುಳ ಬಿತ್ತೋ!

ಜರ್ಮನಿ, ಇಂಗ್ಲೆಂಡಲ್ಲಿ ಇರುವವರು ನೋಡಿರ್ತೀರ, ಆಲ್ಡಿ, ಲಿಡ್ಲ್ ಅಂಗಡಿಯಲ್ಲಿ ಕೂತೇ ಬಿಲ್ ಹಾಕ್ತಾರೆ. ನಾವು ಚೀಲಕ್ಕೆ ತುಂಬಿಕೊಳ್ಳೋದಕ್ಕೂ ಪುರುಸೊತ್ತಿಲ್ಲದಷ್ಟು ವೇಗ. ಕೂತರೆ ಕೆಲಸ ನಿಧಾನ ಆಗುತ್ತೆ ಅನ್ನೋ ಮಾತು ಅಲ್ಲಿಗೇ ಬಿದ್ದು ಹೋಯ್ತಲ್ಲ.

ನಾವು ಐಟಿಯವರು ಬೆನ್ನು ನೋವು ಅಂತ ಒಳ್ಳೆ ಕುರ್ಚಿ ಕೇಳ್ತೀವಿ, ಕೇಳಬೇಕಾದ್ದೇ. ಆದರೆ ಆ ಕುರ್ಚಿ ಮೇಲೆ ಕೂತು ಇನ್ನೊಬ್ಬರ ಸೆಕೆಂಡುಗಳಿಗೆ ಹೆಸರಿಡುವಾಗ, ಆ ಸೆಕೆಂಡಲ್ಲಿ ಅವರ ಕೈ ಏನು ಮಾಡ್ತಿತ್ತು ಅಂತ ಒಮ್ಮೆ ಹೋಗಿ ನೋಡಿ ಬನ್ನಿ. ನಾನು ನೋಡಿದ್ದು ಹೆಸರಿಟ್ಟ ಮೇಲೆ.