ಅಣ್ಣ ತಮಾಷೆಗೆ ಕೊಟ್ಟ ಆಲ್ಬಂ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮದುವೆಗಳಲ್ಲಿ ಈಗ ಸ್ಯಾಕ್ಸೋಫೋನ್ ಹೊಸದೇನಲ್ಲ. ಓಲಗದ ಜಾಗದಲ್ಲಿ ಅದನ್ನೇ ಕರೆಸುವವರಿದ್ದಾರೆ. ಆದರೆ ಅದು ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯ.

ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿ ಹೆಸರಾದವರು ಘಟ್ಟದ ಕೆಳಗಿನ ಕದ್ರಿ ಗೋಪಾಲನಾಥ್. ಊರು ಬಂಟ್ವಾಳ ತಾಲ್ಲೂಕಿನ ಸಜೀಪಮೂಡ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗ ಮಾತ್ರ ಮೈಸೂರು ಅರಮನೆ ಬ್ಯಾಂಡಿನ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಗಮಕ ಹೊರಡುವಂತೆ ವಾದ್ಯವನ್ನೇ ಒಂದಿಷ್ಟು ಬದಲಿಸಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು.

ಅತ್ತ ಅಮೆರಿಕದಲ್ಲಿ ರುದ್ರೇಶ್ ಮಹಾಂತಪ್ಪ ಎಂಬ ಹುಡುಗ. ಕರ್ನಾಟಕದಿಂದ ಹೋದ ಕುಟುಂಬದವನು. 1971ರಲ್ಲಿ ಹುಟ್ಟಿದ್ದು ಇಟಲಿಯಲ್ಲಿ, ಬೆಳೆದದ್ದು ಕೊಲೊರಾಡೋದಲ್ಲಿ, ಕಲಿತದ್ದು ಜಾಝ್ ಸ್ಯಾಕ್ಸೋಫೋನ್. ಓದುವ ದಿನಗಳಲ್ಲಿ ಅಣ್ಣ ತಮಾಷೆಗೆಂದು ಒಂದು ಆಲ್ಬಂ ಕೊಟ್ಟ. ಹೆಸರು 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್'. ನುಡಿಸಿದವರು ಗೋಪಾಲನಾಥ್. ಕೇಳಿದ ತಮ್ಮನಿಗೆ ಅದು ತಮಾಷೆಯಾಗಿ ಉಳಿಯಲಿಲ್ಲ.

2008ರಲ್ಲಿ ಇಬ್ಬರೂ ಕೂಡಿ ನುಡಿಸಿದ ಆಲ್ಬಂ ಬಂತು: 'ಕಿನ್ಸ್‌ಮೆನ್'. ಅಂದರೆ ಬಂಧುಗಳು. ಅದರಲ್ಲಿ ಹಾಡುಗಾರರಿಲ್ಲ. ಎರಡು ಆಲ್ಟೋ ಸ್ಯಾಕ್ಸೋಫೋನ್, ಜೊತೆಗೆ ಎ. ಕನ್ಯಾಕುಮಾರಿಯವರ ಪಿಟೀಲು, ಮೃದಂಗ, ಗಿಟಾರ್, ಬಾಸ್, ಡ್ರಮ್ಸ್. ವಾದ್ಯ ಒಂದೇ ಆದರೂ ಒಬ್ಬರು ಬಂದದ್ದು ರಾಗದ ದಾರಿಯಲ್ಲಿ, ಇನ್ನೊಬ್ಬರು ಜಾಝ್ ದಾರಿಯಲ್ಲಿ.

ಗೋಪಾಲನಾಥ್ 2019ರ ಅಕ್ಟೋಬರ್ 11ರಂದು ತೀರಿಕೊಂಡರು. ನಮ್ಮ ಕಡೆಯ ಎಷ್ಟೋ ಮನೆಗಳ ಮೊಮ್ಮಕ್ಕಳು ಈಗ ಹೊರದೇಶದಲ್ಲಿ ಬೆಳೆಯುತ್ತಿದ್ದಾರೆ. ಅವರಿಗೆ ಊರಿನ ನಂಟು ಹೇಗೆ ಉಳಿದೀತು ಎಂದು ಚಿಂತಿಸುವ ಹಿರಿಯರು ಈ ಆಲ್ಬಂ ಒಮ್ಮೆ ಕೇಳಬೇಕು. ರುದ್ರೇಶ್ ಅವರಿಗೆ ಆ ನಂಟು ಸಿಕ್ಕಿದ್ದು ಬೆಲ್ಜಿಯಂನವನು ಮಾಡಿದ ವಾದ್ಯದಲ್ಲಿ.