ಮೂತ್ರಪಿಂಡ ದಾನಿಗಳ ದೀರ್ಘಕಾಲೀನ ಆರೋಗ್ಯ

ಬದುಕಿರುವಾಗಲೇ ತಮ್ಮ ಎರಡು ಮೂತ್ರಪಿಂಡಗಳಲ್ಲಿ (ಕಿಡ್ನಿಗಳಲ್ಲಿ) ಒಂದನ್ನು ಕಸಿಗಾಗಿ ನೀಡಿದವರನ್ನು ಜೀವಂತ ಮೂತ್ರಪಿಂಡ ದಾನಿಗಳು ಎನ್ನುತ್ತಾರೆ. ಸೂಕ್ತ ತಪಾಸಣೆಯ ನಂತರ ಆಯ್ಕೆಯಾದ ದಾನಿಗಳಲ್ಲಿ ಬಹುಪಾಲು ಜನರು ಉಳಿದ ಒಂದೇ ಮೂತ್ರಪಿಂಡದಿಂದ ಸಹಜ ಜೀವನ ನಡೆಸುತ್ತಾರೆ. ಆದರೆ ದಾನ ಮಾಡದೆ ಇದ್ದಿದ್ದರೆ ಇರುತ್ತಿದ್ದುದಕ್ಕಿಂತ ಅವರಲ್ಲಿ ಮೂತ್ರಪಿಂಡ ವೈಫಲ್ಯದ ಸಾಧ್ಯತೆ ಹೆಚ್ಚು ಎಂಬುದನ್ನು 2014ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು.

ಹಿನ್ನೆಲೆ

ಮೊದಲ ಯಶಸ್ವಿ ಮೂತ್ರಪಿಂಡ ಕಸಿ 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಮರ್ರೆ ಅವರ ನೇತೃತ್ವದಲ್ಲಿ ನಡೆಯಿತು. ರೊನಾಲ್ಡ್ ಹೆರಿಕ್ ತಮ್ಮ ಅವಳಿ ಸಹೋದರ ರಿಚರ್ಡ್‌ಗೆ ಮೂತ್ರಪಿಂಡ ನೀಡಿದರು. ರಿಚರ್ಡ್ ಎಂಟು ವರ್ಷ ಬದುಕಿದರು; ದಾನಿ ರೊನಾಲ್ಡ್ 2010ರಲ್ಲಿ, 79ನೆಯ ವಯಸ್ಸಿನಲ್ಲಿ ನಿಧನರಾದರು. ಭಾರತದಲ್ಲಿ ಜೀವಂತ ದಾನಿಯಿಂದ ಪಡೆದ ಮೂತ್ರಪಿಂಡದ ಯಶಸ್ವಿ ಕಸಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ನಡೆಯಿತು.

ದೇಹದಲ್ಲಾಗುವ ಬದಲಾವಣೆ

ಒಂದು ಮೂತ್ರಪಿಂಡವನ್ನು ತೆಗೆದೊಡನೆ ರಕ್ತವನ್ನು ಶೋಧಿಸುವ ಒಟ್ಟು ಸಾಮರ್ಥ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಉಳಿದ ಮೂತ್ರಪಿಂಡ ಕೆಲವು ವಾರಗಳಲ್ಲಿ ಗಾತ್ರದಲ್ಲಿಯೂ ಕಾರ್ಯದಲ್ಲಿಯೂ ಹಿಗ್ಗುವುದರಿಂದ, ಈ ಸಾಮರ್ಥ್ಯ ಮೊದಲಿದ್ದುದರ ಶೇಕಡಾ 65ರಿಂದ 70ರಷ್ಟಕ್ಕೆ ಬಂದು ನಿಲ್ಲುತ್ತದೆ. ಇದೇ ಕಾರಣದಿಂದ ದಾನಿಯ ರಕ್ತದಲ್ಲಿ ಕ್ರಿಯಾಟಿನಿನ್ ಪ್ರಮಾಣ ತುಸು ಹೆಚ್ಚಾಗಿರುತ್ತದೆ. ಇದೊಂದನ್ನೇ ನೋಡಿ ರೋಗವೆಂದು ನಿರ್ಧರಿಸಲಾಗದು. ರಕ್ತದೊತ್ತಡದಲ್ಲಿ ಅಲ್ಪ ಏರಿಕೆ ಮತ್ತು ಮೂತ್ರದಲ್ಲಿ ಪ್ರೋಟೀನ್ ಸೋರಿಕೆ ಕೆಲವರಲ್ಲಿ ಕಂಡುಬರುತ್ತವೆ.

ಮೂತ್ರಪಿಂಡ ವೈಫಲ್ಯದ ಅಪಾಯ

ದಾನಿಗಳನ್ನು ಯಾರೊಂದಿಗೆ ಹೋಲಿಸಲಾಗುತ್ತದೆ ಎಂಬುದರ ಮೇಲೆ ಈ ಪ್ರಶ್ನೆಯ ಉತ್ತರ ನಿಂತಿದೆ. ಮಿನೆಸೋಟ ವಿಶ್ವವಿದ್ಯಾಲಯದ 3,698 ದಾನಿಗಳ ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 11 ಮಂದಿಗೆ ಮಾತ್ರ ಮೂತ್ರಪಿಂಡ ವೈಫಲ್ಯ ಉಂಟಾಗಿತ್ತು. ಇದು ಸಾಮಾನ್ಯ ಜನರಲ್ಲಿನ ಪ್ರಮಾಣಕ್ಕಿಂತ ಕಡಿಮೆಯಾದ್ದರಿಂದ ದಾನಿಗಳಿಗೆ ಹೆಚ್ಚಿನ ಅಪಾಯವಿಲ್ಲವೆಂಬ ಅಭಿಪ್ರಾಯ ಬಲಗೊಂಡಿತು. ಆದರೆ ಮಧುಮೇಹಿಗಳನ್ನೂ ರಕ್ತದೊತ್ತಡವುಳ್ಳವರನ್ನೂ ಒಳಗೊಂಡ ಜನಸಮೂಹದೊಂದಿಗೆ, ಅಂಥ ಕಾಯಿಲೆಗಳಿಲ್ಲವೆಂದೇ ಆರಿಸಲ್ಪಟ್ಟವರನ್ನು ಹೋಲಿಸುವುದು ನ್ಯಾಯವಾದ ತೂಗುವಿಕೆಯಲ್ಲ.

2014ರಲ್ಲಿ ನಾರ್ವೆ ಮತ್ತು ಅಮೆರಿಕದ ಸಂಶೋಧಕರು, ದಾನ ಮಾಡಲು ಅರ್ಹರಾಗಬಹುದಾಗಿದ್ದ ಆರೋಗ್ಯವಂತರೊಂದಿಗೆ ದಾನಿಗಳನ್ನು ಹೋಲಿಸಿದರು. 96,217 ದಾನಿಗಳನ್ನು ಒಳಗೊಂಡ ಅಮೆರಿಕದ ಅಧ್ಯಯನದಲ್ಲಿ, 15 ವರ್ಷಗಳಲ್ಲಿ ಮೂತ್ರಪಿಂಡ ವೈಫಲ್ಯದ ಪ್ರಮಾಣ 10,000 ದಾನಿಗಳಿಗೆ 30.8 ಮತ್ತು ಆರೋಗ್ಯವಂತ ದಾನಿಯೇತರರಲ್ಲಿ 3.9 ಆಗಿತ್ತು. ಜೀವಮಾನದ ಅಂದಾಜು ದಾನಿಗಳಲ್ಲಿ 10,000ಕ್ಕೆ 90, ಆರೋಗ್ಯವಂತ ದಾನಿಯೇತರರಲ್ಲಿ 14, ತಪಾಸಣೆಗೊಳಗಾಗದ ಸಾಮಾನ್ಯ ಜನರಲ್ಲಿ 326. ಸಾಪೇಕ್ಷವಾಗಿ ಏರಿಕೆ ಹಲವು ಪಟ್ಟು ಎನಿಸಿದರೂ ಒಟ್ಟು ಅಪಾಯ ಶೇಕಡಾ ಒಂದರೊಳಗೇ ಇದೆ. ಕಪ್ಪು ವರ್ಣೀಯ ದಾನಿಗಳಲ್ಲಿ ಈ ಪ್ರಮಾಣ ಬಿಳಿಯರಿಗಿಂತ ಹೆಚ್ಚಾಗಿತ್ತು.

ನಾರ್ವೆಯಲ್ಲಿ ವೈಫಲ್ಯಕ್ಕೀಡಾದ ದಾನಿಗಳೆಲ್ಲರೂ ರೋಗಿಗಳ ರಕ್ತಸಂಬಂಧಿಗಳೇ ಆಗಿದ್ದರು. ಕುಟುಂಬದಲ್ಲಿ ಹರಿದುಬರುವ ರೋಗಪ್ರವೃತ್ತಿಯೂ ಇದಕ್ಕೆ ಕಾರಣವಾಗಿರಬಹುದು. ವಯಸ್ಸಿನ ಪ್ರಶ್ನೆಯೂ ಮುಖ್ಯ: 25ನೆಯ ವಯಸ್ಸಿನಲ್ಲಿ ದಾನ ಮಾಡಿದವರು ಮುಂದೆ ಮಧುಮೇಹಕ್ಕೆ ತುತ್ತಾಗಬಹುದೇ ಎಂಬುದನ್ನು ದಾನದ ಸಮಯದ ಪರೀಕ್ಷೆಗಳು ತಿಳಿಸಲಾರವು. 15 ವರ್ಷಗಳ ಅಧ್ಯಯನವೂ ಅವರನ್ನು 40ನೆಯ ವಯಸ್ಸಿನವರೆಗೆ ಮಾತ್ರ ಹಿಂಬಾಲಿಸುತ್ತದೆ.

ಗರ್ಭಧಾರಣೆ

ಕೆನಡಾದ ಒಂಟಾರಿಯೊದಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಗರ್ಭಾವಸ್ಥೆಯ ಅಧಿಕ ರಕ್ತದೊತ್ತಡ ಅಥವಾ ಪ್ರೀಎಕ್ಲಾಂಪ್ಸಿಯಾ ದಾನಿಗಳ ಗರ್ಭಧಾರಣೆಗಳಲ್ಲಿ ಶೇಕಡಾ 11ರಷ್ಟು, ಇತರರಲ್ಲಿ ಶೇಕಡಾ 5ರಷ್ಟು ಕಂಡುಬಂತು. ದಾನಿಗಳಲ್ಲಿ ತಾಯಂದಿರ ಸಾವು ಸಂಭವಿಸಲಿಲ್ಲ. ಮುಂದೆ ಮಗುವನ್ನು ಬಯಸುವ ಮಹಿಳೆಗೆ ದಾನಕ್ಕೆ ಮೊದಲೇ ಈ ವಿಷಯ ತಿಳಿಸುವುದು ಅಗತ್ಯ.

ಭಾರತದಲ್ಲಿ

ಮಾನವ ಅಂಗಾಂಗ ಕಸಿಗೆ ಸಂಬಂಧಿಸಿದ 1994ರ ಕಾಯಿದೆ ಅಂಗಾಂಗಗಳ ಮಾರಾಟವನ್ನು ನಿಷೇಧಿಸಿದೆ. ಹತ್ತಿರದ ಸಂಬಂಧಿಗಳಲ್ಲದವರು ದಾನ ಮಾಡಲು ಅಧಿಕೃತ ಸಮಿತಿಯ ಅನುಮತಿ ಬೇಕು. ಭಾರತದಲ್ಲಿ ಜೀವಂತ ದಾನಿಗಳಲ್ಲಿ ಹೆಚ್ಚಿನವರು ಮಹಿಳೆಯರು. ಮೂತ್ರಪಿಂಡ ಮಾರಿದ ಚೆನ್ನೈನ 305 ಮಂದಿಯನ್ನು ಸಂದರ್ಶಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 96ರಷ್ಟು ಜನರು ಸಾಲ ತೀರಿಸಲು ಮಾರಿದ್ದರು, ಶೇಕಡಾ 86ರಷ್ಟು ಜನರು ನಂತರ ತಮ್ಮ ಆರೋಗ್ಯ ಕೆಟ್ಟಿತೆಂದರು. ಇದು ಅವರವರ ಹೇಳಿಕೆಯೇ ಹೊರತು ಪ್ರಯೋಗಾಲಯದ ಅಳತೆಯಲ್ಲ. ಆದರೂ ತಪಾಸಣೆ, ವಿಶ್ರಾಂತಿ, ಮುಂದಿನ ಚಿಕಿತ್ಸೆ ದೊರೆಯುವ ದಾನಿಗಳ ಫಲಿತಾಂಶಗಳನ್ನು ಇಂಥವರಿಗೂ ಅನ್ವಯಿಸಲಾಗದು.

ನಂತರದ ನಿಗಾ

ವರ್ಷಕ್ಕೊಮ್ಮೆ ರಕ್ತದೊತ್ತಡ, ಕ್ರಿಯಾಟಿನಿನ್ ಹಾಗೂ ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿಕೊಳ್ಳುವಂತೆ ದಾನಿಗಳಿಗೆ ಸಲಹೆ ನೀಡಲಾಗುತ್ತದೆ. ಐಬುಪ್ರೊಫೆನ್‌ನಂಥ ನೋವುನಿವಾರಕಗಳನ್ನು ವೈದ್ಯರನ್ನು ಕೇಳದೆ ಬಳಸಬಾರದು. ಅಮೆರಿಕದಲ್ಲಿ ಕಸಿ ಕೇಂದ್ರಗಳು ಎರಡು ವರ್ಷಗಳವರೆಗೆ ದಾನಿಗಳ ಮಾಹಿತಿಯನ್ನು ವರದಿ ಮಾಡಬೇಕು. ಅಲ್ಲಿ, ಹಿಂದೆ ದಾನ ಮಾಡಿದ ವ್ಯಕ್ತಿಗೇ ಮುಂದೆ ಮೂತ್ರಪಿಂಡ ಬೇಕಾದರೆ ಕಾಯುವವರ ಪಟ್ಟಿಯಲ್ಲಿ ಆದ್ಯತೆ ದೊರೆಯುತ್ತದೆ.